ಕರಗುವ ಹೊಲಿಗೆಯ ಪ್ಲಾಸ್ಟಿಕ್ಕಿನಲ್ಲಿ ಅಡಿಕೆ ಕೊಟ್ಟೆ ಮಾಡಬಹುದಾ?

ಪ್ರಶ್ನೆ: ಕಳೆದ ವರ್ಷ ನಮ್ಮ ಅಮ್ಮನಿಗೆ ಶಿವಮೊಗ್ಗದಲ್ಲಿ ಹರ್ನಿಯಾ ಆಪರೇಷನ್ ಆಯಿತು. ಒಳಗಿನ ಹೊಲಿಗೆ ತಾನಾಗಿಯೇ ಕರಗುತ್ತೆ ಅಂದರು. ಬ್ಯಾಕ್ಟೀರಿಯಾ ತಯಾರಿಸುವ ಪ್ಲಾಸ್ಟಿಕ್ಕಿನಿಂದಲೂ ಇಂಥ ದಾರ ಮಾಡುತ್ತಾರೆ ಅಂತ ಕಾಲೇಜಿಗೆ ಹೋಗುವ ಮಗಳು ಹೇಳುತ್ತಾಳೆ. ಹಾಗಿದ್ದರೆ ಮಳೆಗಾಲದಲ್ಲಿ ಅಡಿಕೆ ಕೊನೆಗೆ (ಗೊನೆಗೆ) ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯನ್ನೂ ಅದರಲ್ಲೇ ಮಾಡಬಾರದೇಕೆ? ಪ್ರತಿ ವರ್ಷ ತೋಟದ ತುಂಬ ಪ್ಲಾಸ್ಟಿಕ್ ಚೂರು ಆರಿಸುವುದೇ ಒಂದು ಕೆಲಸ. ನಮ್ಮಲ್ಲಿ ಅಡಿಕೆ ಸಿಪ್ಪೆ ರಾಶಿ ಬಿದ್ದಿರುತ್ತದೆ, ಅಡಿಕೆ ಬೇಯಿಸಿ ಮಿಕ್ಕ ಚೊಗರೂ ಇರುತ್ತದೆ. ಅದನ್ನೇ ಆ ಬ್ಯಾಕ್ಟೀರಿಯಾಗಳಿಗೆ ತಿನ್ನಿಸಬಹುದಾ? ಈ ಪ್ಲಾಸ್ಟಿಕ್ಕನ್ನು ಸುಧಾರಿಸಲು ಏನೇನು ನಡೆದಿದೆ?
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಬೆಳೆಗಾರ

ಉತ್ತರ: ನಮಸ್ಕಾರ. ಮೊದಲು ನಿಮ್ಮ ತಾಯಿಯವರ ಹೊಲಿಗೆ ವಿಷಯ. ಅದು ಬಹುಶಃ ಬ್ಯಾಕ್ಟೀರಿಯಾದ ಪ್ಲಾಸ್ಟಿಕ್ ಅಲ್ಲ. ಕರಗುವ ಹೊಲಿಗೆಗೆ ಸಾಮಾನ್ಯವಾಗಿ ಬಳಸುವುದು ಪಾಲಿಗ್ಲ್ಯಾಕ್ಟಿನ್ ಎಂಬ ದಾರ. ಅದನ್ನು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಮಾಡುತ್ತಾರೆ. ಮೂರು ವಾರಕ್ಕೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎರಡು ತಿಂಗಳು, ಎರಡೂಕಾಲು ತಿಂಗಳಿಗೆ ದಾರವೇ ಇರುವುದಿಲ್ಲ. ಬೇಗ ಕೂಡಿಕೊಳ್ಳುವ ಗಾಯಕ್ಕೆ ಅಷ್ಟು ಸಾಕು. ಹರ್ನಿಯಾದಲ್ಲಿ ಹೊಟ್ಟೆಯ ಗೋಡೆ ಗಟ್ಟಿಯಾಗಲು ಅದಕ್ಕಿಂತ ತುಂಬ ಹೆಚ್ಚು ಕಾಲ ಬೇಕು. ಅದಕ್ಕೇ ಅಲ್ಲಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಮೆಶ್ (ಬಲೆ) ಇಡುತ್ತಾರೆ. ಅದು ಕರಗುವುದೇ ಇಲ್ಲ, ಜೀವನಪೂರ್ತಿ ಒಳಗೇ ಇರುತ್ತದೆ.

ನಿಮ್ಮ ಮಗಳು ಹೇಳಿದ್ದೂ ಸುಳ್ಳಲ್ಲ. ಪಿ4ಎಚ್‌ಬಿ ಎಂಬ ಪಾಲಿಯೆಸ್ಟರ್ ಜಾತಿಯ ಪ್ಲಾಸ್ಟಿಕ್ ಇದೆ. ಜೀನ್ ಬದಲಿಸಿದ ಇ. ಕೋಲಿ ಬ್ಯಾಕ್ಟೀರಿಯಾ ಅದನ್ನು ಹೊಟ್ಟೆಯೊಳಗೆ ತಯಾರಿಸುತ್ತದೆ. ಅದರ ಹೊಲಿಗೆ ದಾರಕ್ಕೆ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆಮೇಲೆ ಹರ್ನಿಯಾಕ್ಕೆ ಇಡುವ ಮೆಶ್ ಕೂಡ ಬಂತು. ಅದು ಒಂದರಿಂದ ಒಂದೂವರೆ ವರ್ಷದಲ್ಲಿ ಮೈಯಲ್ಲಿ ಕರಗುತ್ತದೆ. ಕರಗಿದಾಗ ಬರುವ ವಸ್ತು ನಮ್ಮ ಮಿದುಳಿನಲ್ಲಿ ಮೊದಲೇ ಅಷ್ಟಿಷ್ಟು ಇರುವಂಥದ್ದು. ಮೈ ಅದನ್ನು ಬೇಗ ಸುಟ್ಟು ನೀರು, ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತದೆ.

ಅಂದರೆ ಒಂದು ದಾರ ಎರಡು ತಿಂಗಳಲ್ಲಿ ಹೋಗಬೇಕು, ಇನ್ನೊಂದು ವರ್ಷ ನಿಲ್ಲಬೇಕು. ನಿಮ್ಮ ಕೊಟ್ಟೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆ ತಡೆದು, ಆಮೇಲೆ ಹೋಗಬೇಕು. ಈ ಪ್ಲಾಸ್ಟಿಕ್ ‘ಕರಗುತ್ತದೆಯಾ’ ಅಂತ ಎಲ್ಲರೂ ಕೇಳುತ್ತಾರೆ. ಕರಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಯಾವಾಗ ಕರಗುತ್ತದೆ, ಅಲ್ಲಿಯವರೆಗೆ ಹೇಗಿರುತ್ತದೆ ಅನ್ನುವುದೇ ಕಷ್ಟದ ಪ್ರಶ್ನೆ. ಸುಧಾರಣೆ ಅಂತ ನಡೆದಿರುವ ಕೆಲಸದಲ್ಲಿ ಮುಕ್ಕಾಲು ಪಾಲು ಇದರ ಸುತ್ತಲೇ ಇದೆ.

ಬ್ಯಾಕ್ಟೀರಿಯಾ ಇದನ್ನು ನಮಗಾಗಿ ಮಾಡುವುದಲ್ಲ. ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಮಳೆ ಹಿಡಿಯುವ ಮೊದಲು ಹಲಸಿನ ಹಪ್ಪಳ, ಉಪ್ಪಿನಕಾಯಿ, ಸೌದೆ ಎಲ್ಲ ಒಳಗೆ ಹಾಕಿಕೊಳ್ಳುತ್ತೀರಿ ಅಲ್ವಾ? ಹಾಗೇ ಇದು. ಸುತ್ತ ಸಕ್ಕರೆ ಧಾರಾಳ ಇದೆ, ಆದರೆ ಸಾರಜನಕವೋ ರಂಜಕವೋ ಮುಗಿದಿದೆ ಅಂದುಕೊಳ್ಳಿ. ಆಗ ಬ್ಯಾಕ್ಟೀರಿಯಾ ಬೆಳೆದು ಎರಡಾಗಲು ಆಗುವುದಿಲ್ಲ. ಸಿಕ್ಕ ಸಕ್ಕರೆಯನ್ನು ಬಿಡಲೂ ಮನಸ್ಸಿಲ್ಲ. ಅದನ್ನು ಪಾಲಿಯೆಸ್ಟರ್ ಕಾಳುಗಳಾಗಿ ಮಾಡಿ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ಫ್ರಾನ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮಾರಿಸ್ ಲೆಮ್ವಾನ್ಯ್ 1926ರಲ್ಲಿ ಬ್ಯಾಸಿಲಸ್ ಮೆಗಾಟೀರಿಯಂ ಎಂಬ ಬ್ಯಾಕ್ಟೀರಿಯಾದಲ್ಲಿ ಇದನ್ನು ಗುರುತಿಸಿದರು. ಅದೇ ಪಿಎಚ್‌ಬಿ. ಹೊಲಿಗೆಯ ಪಿ4ಎಚ್‌ಬಿಯೂ ಸೇರಿದ ಈ ಇಡೀ ಕುಟುಂಬಕ್ಕೆ ಪಿಎಚ್‌ಎ ಅನ್ನುತ್ತಾರೆ. ಕ್ಯುಪ್ರಿಯಾವಿಡಸ್ ನೆಕೇಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ತನ್ನ ಒಣ ತೂಕದಲ್ಲಿ ನೂರಕ್ಕೆ 80ರಷ್ಟು ಇದನ್ನೇ ತುಂಬಿಕೊಳ್ಳಬಲ್ಲದು. (ಇದರ ಹೆಸರನ್ನು ವಿಜ್ಞಾನಿಗಳು ಎಷ್ಟು ಸಲ ಬದಲಿಸಿದರೆಂದರೆ, ಪ್ರತಿ ಸಲವೂ ಪಾಠದ ಟಿಪ್ಪಣಿ ತಿದ್ದಿ ತಿದ್ದಿ ನನಗೇ ಸಾಕಾಗಿತ್ತು.)

ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ನಡೆದದ್ದು ಹೇಳುತ್ತೇನೆ. ವಿದ್ಯಾರ್ಥಿಗಳು ಅಡಿಕೆ ತೋಟದ ಮಣ್ಣಿನಿಂದ ಬ್ಯಾಸಿಲಸ್ ಬೇರ್ಪಡಿಸಿದರು. ಸೂಡಾನ್ ಬ್ಲ್ಯಾಕ್ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಳಗೆ ಕಪ್ಪು ಕಾಳುಗಳು ಸಾಲಾಗಿ ಕಂಡವು. ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಗಾಜಿನ ತಟ್ಟೆಗೆ ಸುರಿದು, ತೆಳ್ಳಗಿನ ಹಾಳೆ ತೆಗೆದೆವು. ಮೊದಲ ದಿನ ಮೆತ್ತಗೆ, ಬಾಗಿಸಿದ ಹಾಗೆ ಬಾಗುತ್ತಿತ್ತು. ಖುಷಿಯೋ ಖುಷಿ. ಹದಿನೈದು ದಿನ ಬಿಟ್ಟು ಯಾರಿಗೋ ತೋರಿಸಲು ಮಡಚಿದೆ ನೋಡಿ, ಸುಟ್ಟ ಹಪ್ಪಳದ ಹಾಗೆ ಲಟಕ್ಕೆಂದು ಮುರಿಯಿತು. ನಮ್ಮ ಕೈಯಲ್ಲೇ ಏನೋ ತಪ್ಪಾಗಿದೆ ಅಂದುಕೊಂಡು ಒಂದು ಮಳೆಗಾಲವಿಡೀ ಮತ್ತೆ ಮತ್ತೆ ಮಾಡಿದೆವು. ತಪ್ಪು ನಮ್ಮದಲ್ಲ, ವಸ್ತುವಿನದೇ.

ಬ್ಯಾಕ್ಟೀರಿಯಾದ ಹೊಟ್ಟೆಯೊಳಗಿರುವಾಗ ಪಿಎಚ್‌ಬಿ ಗಟ್ಟಿ ಹರಳಾಗಿರುವುದಿಲ್ಲ. ಕಾಳಿನ ಸುತ್ತ ಪ್ರೋಟೀನ್ ಹೊದಿಕೆ ಇರುತ್ತದೆ, ಒಳಗೆ ಪ್ಲಾಸ್ಟಿಕ್ಕಿನ ಸರಪಳಿಗಳು (ಚಿಕ್ಕ ಘಟಕಗಳನ್ನು ಪೋಣಿಸಿದಂಥ ಉದ್ದನೆಯ ಅಣುಗಳು) ಸಡಿಲವಾಗಿ ಹೊರಳಾಡಿಕೊಂಡಿರುತ್ತವೆ. ಹೊರಗೆ ತೆಗೆದ ಕೂಡಲೇ ಅವು ಸಾಲು ಕಟ್ಟಿಕೊಂಡು ಹರಳಾಗಲು ಶುರು ಮಾಡುತ್ತವೆ. ಇದರ ಎಲ್ಲ ಘಟಕಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವುದರಿಂದ ಸಾಲು ಕಟ್ಟುವುದು ಸುಲಭ. ಈ ವಸ್ತು ಪೂರ್ತಿ ಮರಗಟ್ಟುವುದು ಸುಮಾರು 4 ಡಿಗ್ರಿಯಲ್ಲಿ. ನಮ್ಮ ಕೋಣೆಯ ಬಿಸಿ ಅದಕ್ಕಿಂತ ಎಷ್ಟೋ ಮೇಲೆ ಇರುವುದರಿಂದ, ಕಪಾಟಿನಲ್ಲಿ ಸುಮ್ನೆ ಇಟ್ಟರೂ ಹರಳು ಕಟ್ಟುವುದು ನಿಧಾನವಾಗಿ ನಡೆದೇ ಇರುತ್ತದೆ. ಪಿಎಚ್‌ಬಿಯ ಬಲ ಪಾಲಿಪ್ರೊಪಿಲೀನ್‌ಗೆ ಸಮ. ಆದರೆ ಎಳೆದರೆ ನೂರಕ್ಕೆ 5ರಷ್ಟು ಹಿಗ್ಗುವಷ್ಟರಲ್ಲಿ ತುಂಡಾಗುತ್ತದೆ. ಪಾಲಿಪ್ರೊಪಿಲೀನ್ ತನ್ನ ಉದ್ದದ ನಾಲ್ಕು ಪಟ್ಟು ಹಿಗ್ಗುತ್ತದೆ.

ಎರಡನೇ ತೊಂದರೆ ಬಿಸಿಯದು. ಪಿಎಚ್‌ಬಿ ಬಿಸಿಗೆ ಕರಗಿ ಹರಿಯುವುದು 175ರಿಂದ 180 ಡಿಗ್ರಿಯಲ್ಲಿ. 200 ಡಿಗ್ರಿಯ ಹತ್ತಿರ ಹೋದರೆ ಸರಪಳಿಗಳು ಕಡಿದುಹೋಗಲು ಶುರುವಾಗುತ್ತದೆ. ಬೆಲ್ಲದ ಪಾಕ ಇದ್ದ ಹಾಗೆ. ಹದ ಬಂತು ಅನ್ನುವುದಕ್ಕೂ ಸೀದುಹೋಯಿತು ಅನ್ನುವುದಕ್ಕೂ ನಡುವೆ ಚೂರೇ ಚೂರು ಜಾಗ. ಪ್ಲಾಸ್ಟಿಕ್ ಅಚ್ಚಿನ ಯಂತ್ರ ನಡೆಸುವವರಿಗೆ ಇಷ್ಟು ಸಣ್ಣ ಜಾಗದಲ್ಲಿ ಕೆಲಸ ಮಾಡುವುದು ತಲೆನೋವು. ಯಂತ್ರಕ್ಕೆ ಹಾಕುವ ಪ್ಲಾಸ್ಟಿಕ್ ಕಾಳಿನಲ್ಲಿ ತೇವ ಇದ್ದರಂತೂ ಇನ್ನೂ ಬೇಗ ಕೆಡುತ್ತದೆ. ಆಗುಂಬೆಯಂಥ ಕಡೆ ಜುಲೈನಲ್ಲಿ ಈ ಕೆಲಸ ಮಾಡಬೇಕೆಂದರೆ ಯಂತ್ರಕ್ಕಿಂತ ಮೊದಲು ಒಣಗಿಸುವ ಪೆಟ್ಟಿಗೆ ಕೊಳ್ಳಬೇಕು.

ಮೊದಲ ದೊಡ್ಡ ಸುಧಾರಣೆ ಅಡುಗೆಮನೆಯ ಉಪಾಯದಂಥದ್ದು. ಬ್ಯಾಕ್ಟೀರಿಯಾಗೆ ಸಕ್ಕರೆಯ ಜೊತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲವನ್ನೂ ತಿನ್ನಿಸಿದರು. ಅದು ಸರಪಳಿಯ ನಡುನಡುವೆ ಸ್ವಲ್ಪ ಬೇರೆ ಆಕಾರದ ಘಟಕ ಪೋಣಿಸಿತು. ಸಾಲು ಕೆಟ್ಟಿತು, ಹರಳಿನ ಗಟ್ಟಿತನ ಕಡಿಮೆಯಾಯಿತು. ಇದು ಪಿಎಚ್‌ಬಿವಿ. ಬ್ರಿಟನ್ನಿನ ಐಸಿಐ ಕಂಪನಿ ಇದನ್ನು ಬಯೋಪಾಲ್ ಅಂತ ಮಾರಿತು. 1990ರಲ್ಲಿ ಜರ್ಮನಿಯಲ್ಲಿ ಇದರ ಶಾಂಪೂ ಬಾಟಲಿ ಬಂತು. ಈ ಎರಡನೇ ಘಟಕ ನೂರಕ್ಕೆ 20 ಇದ್ದರೆ ಕರಗುವ ಬಿಸಿ 145 ಡಿಗ್ರಿಗೆ ಇಳಿಯುತ್ತದೆ, ಹಿಗ್ಗುವುದು ನೂರಕ್ಕೆ 50ಕ್ಕೆ ಏರುತ್ತದೆ. ಸುಧಾರಣೆ ಹೌದು, ಆದರೆ ಸಾಲದು. ಕಂಪನಿ ಕಂಪನಿ ಕೈ ಬದಲಾದರೂ ಈ ವಸ್ತು ಪಾಲಿಥಿನ್‌ನ ಜಾಗ ಹಿಡಿಯಲಿಲ್ಲ. ಬೆಲೆ ಜಾಸ್ತಿ, ಗುಣ ಅಷ್ಟಕ್ಕಷ್ಟೇ.

ನಿಜವಾದ ಬದಲಾವಣೆ ತಂದದ್ದು ಇನ್ನೂ ಉದ್ದ ಬಾಲದ ಘಟಕ. ಸರಪಳಿಯಿಂದ ಹೊರಗೆ ಚಾಚಿಕೊಂಡ ಆ ಬಾಲ ಪಕ್ಕದ ಸರಪಳಿ ಹತ್ತಿರ ಬರಲು ಬಿಡುವುದೇ ಇಲ್ಲ. ಜಪಾನಿನ ಕನೆಕಾ ಕಂಪನಿ ಗಿಡದ ಎಣ್ಣೆ ತಿನ್ನಿಸಿ ಮಾಡುವ ಪಿಎಚ್‌ಬಿಎಚ್ ಇಂಥದ್ದು. ಈ ಉದ್ದ ಬಾಲದ ಘಟಕ ನೂರಕ್ಕೆ 10 ಇದ್ದರೆ ಸಾಕು, ಹಿಗ್ಗುವುದು ನೂರಕ್ಕೆ 400ರ ಆಸುಪಾಸಿಗೆ ಹೋಗುತ್ತದೆ. ಕರಗುವ ಬಿಸಿ 127 ಡಿಗ್ರಿಗೆ ಇಳಿಯುತ್ತದೆ. ಹದಕ್ಕೂ ಸೀಯುವುದಕ್ಕೂ ನಡುವೆ ಈಗ ಕೈಯಾಡಿಸಲು ಜಾಗ ಸಿಕ್ಕಿತು. ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾಗಳು ಇನ್ನೂ ಉದ್ದ ಬಾಲದವನ್ನು ಮಾಡುತ್ತವೆ. ಅದು ರಬ್ಬರಿನ ಹಾಗೆಯೇ ಇರುತ್ತದೆ.

ಹೊಸ ಘಟಕವನ್ನು ತಿನ್ನಿಸಿದರೆ ಮಾತ್ರ ಆಗುವುದಿಲ್ಲ. ಅದನ್ನು ಸರಪಳಿಗೆ ಪೋಣಿಸುವ ಕಿಣ್ವ ಒಪ್ಪಬೇಕು. ಸಾಮಾನ್ಯ ಪಿಎಚ್‌ಬಿ ತಯಾರಿಯಲ್ಲಿ ಮೂರೇ ಕಿಣ್ವ ಇವೆ. ಮೊದಲೆರಡು ಘಟಕವನ್ನು ತಯಾರು ಮಾಡುತ್ತವೆ, ಮೂರನೆಯದು ಪೋಣಿಸುತ್ತದೆ. ಈ ಮೂರನೆಯದು ಊಟದ ವಿಷಯದಲ್ಲಿ ಬಹಳ ಹಟಮಾರಿ, ಚಿಕ್ಕ ಘಟಕ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. 1980ರ ದಶಕದ ಕೊನೆಗೆ ಇವುಗಳ ಜೀನ್‌ಗಳನ್ನು ಬೇರ್ಪಡಿಸಿ ಇ. ಕೋಲಿಗೆ ಹಾಕಿದ ಮೇಲೆ ದಾರಿ ತೆರೆಯಿತು. ಈಗ ಒಂದು ಬ್ಯಾಕ್ಟೀರಿಯಾದ ಉದಾರ ಕಿಣ್ವವನ್ನು ಇನ್ನೊಂದಕ್ಕೆ ಹಾಕುತ್ತಾರೆ. ಕಿಣ್ವದಲ್ಲೇ ಒಂದೆರಡು ಜಾಗ ಬದಲಿಸಿ ಅದರ ಬಾಯಿ ಅಗಲ ಮಾಡುತ್ತಾರೆ. ಬ್ಯಾಕ್ಟೀರಿಯಾ ಎರಡಾಗುವುದನ್ನು ತಡೆದು, ಮೈಯನ್ನೇ ಉದ್ದ ಬೆಳೆಸಿ, ಒಳಗೆ ಜಾಸ್ತಿ ಕಾಳು ಹಿಡಿಸುವುದೂ ಉಂಟು. ಕಣಜ ಚಿಕ್ಕದಾದರೆ ಭತ್ತ ಎಷ್ಟಿದ್ದರೇನು?

ಬಿಸಿಯ ತೊಂದರೆಗೆ ಮೂಲದಲ್ಲೇ ಕೈ ಹಾಕಿದ ಕೆಲಸವೂ ಒಂದಿದೆ. 2023ರಲ್ಲಿ ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಕಟಿಸಿದರು. ಸರಪಳಿಯಲ್ಲಿ ಒಂದು ಇಂಗಾಲದ ಮೇಲಿರುವ ಎರಡು ಹೈಡ್ರೋಜನ್‌ಗಳಿಂದಲೇ ಬಿಸಿಯಲ್ಲಿ ಅದು ಕಡಿಯುವುದು. ಆ ಹೈಡ್ರೋಜನ್‌ಗಳ ಜಾಗದಲ್ಲಿ ಮೀಥೈಲ್ ಗುಂಪು ಕೂರಿಸಿದರು. ಬಿಸಿಗೆ ತಡೆಯುವ, ಗಟ್ಟಿಯಾದ, ಮತ್ತೆ ಮೂಲ ಘಟಕಕ್ಕೆ ಬಿಡಿಸಬಹುದಾದ ಪಿಎಚ್‌ಎ ಸಿಕ್ಕಿತು. ಆದರೆ ಅದು ಬ್ಯಾಕ್ಟೀರಿಯಾದ ಕೆಲಸವಲ್ಲ, ಪೂರ್ತಿ ರಸಾಯನ ವಿಜ್ಞಾನದ್ದು.

ಆಸ್ಪತ್ರೆಗೆ ಬರೋಣ. ಪಿಎಚ್‌ಬಿ ಒಡೆದಾಗ ಬರುವ ವಸ್ತು ನಮ್ಮ ರಕ್ತದಲ್ಲಿ ಯಾವಾಗಲೂ ಸ್ವಲ್ಪ ಇರುತ್ತದೆ. ಏಕಾದಶಿ ಉಪವಾಸ ಮಾಡಿದ ದಿನ ಜಾಸ್ತಿ ಇರುತ್ತದೆ. ಹಾಗಾಗಿ ಮೈಗೆ ಅದು ಪರಕೀಯವಲ್ಲ. ತೊಂದರೆ ಪ್ಲಾಸ್ಟಿಕ್ಕಿನದಲ್ಲ, ಅದರ ಜೊತೆ ಅಂಟಿಕೊಂಡು ಬರುವುದರದ್ದು. ಕ್ಯುಪ್ರಿಯಾವಿಡಸ್, ಸ್ಯೂಡೊಮೊನಾಸ್, ಇ. ಕೋಲಿ ಇವೆಲ್ಲದರ ಹೊರಪದರದಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತು ಇದೆ. ಅದರ ಚೂರು ರಕ್ತಕ್ಕೆ ಸೇರಿದರೂ ಜ್ವರ ಬರುತ್ತದೆ, ಹೆಚ್ಚಾದರೆ ಜೀವಕ್ಕೇ ಅಪಾಯ. ಮೈಯೊಳಗೆ ಇಡುವ ಒಂದು ಸಾಧನದಲ್ಲಿ 20 ಎಂಡೋಟಾಕ್ಸಿನ್ ಯೂನಿಟ್‌ಗಿಂತ ಹೆಚ್ಚು ಇರಬಾರದು ಅಂತ ಎಫ್‌ಡಿಎ ಮಿತಿ ಹಾಕಿದೆ. ಮಿದುಳು, ಬೆನ್ನುಹುರಿಯ ದ್ರವಕ್ಕೆ ತಾಗುವುದಾದರೆ ಇನ್ನೂ ಬಿಗಿ, 2.15 ಮಾತ್ರ.

ಇದನ್ನು ತೊಳೆಯುವುದರಲ್ಲೇ ಅರ್ಧ ಜೀವ ಹೋಗುತ್ತದೆ. ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಎಂಡೋಟಾಕ್ಸಿನ್ ಮುರಿಯುತ್ತದೆ. ಆದರೆ ಹದ ತಪ್ಪಿದರೆ ಪಾಲಿಯೆಸ್ಟರ್ ಸರಪಳಿಯೂ ಮುರಿಯುತ್ತದೆ. ಕ್ಲೋರೋಫಾರ್ಮ್ ಚೊಕ್ಕ ಮಾಡುತ್ತದೆ, ಆದರೆ ಅದೇ ವಿಷ. ಬ್ಯಾಸಿಲಸ್‌ನಲ್ಲಿ ಎಂಡೋಟಾಕ್ಸಿನ್ ಇಲ್ಲ. ಆದರೆ ಅದು ಸಾಮಾನ್ಯವಾಗಿ ಪ್ಲಾಸ್ಟಿಕ್ ಕೊಡುವುದು ಕಡಿಮೆ, ಮೇಲಾಗಿ ಬೀಜಕಣ ಮಾಡಲು ಹೊರಟರೆ ಕೂಡಿಟ್ಟದ್ದನ್ನು ತಾನೇ ತಿಂದು ಮುಗಿಸುತ್ತದೆ. ಕೊನೆಗೆ ಕ್ರಿಮಿಶುದ್ಧಿ. ಪಿಎಚ್‌ಬಿಯನ್ನು ಹಬೆಯಲ್ಲಿ ಇಡಬಹುದು. ಪಿ4ಎಚ್‌ಬಿ ಕರಗುವುದೇ 60 ಡಿಗ್ರಿಯಲ್ಲಿ, ಹಬೆಗೆ ಇಟ್ಟರೆ ಪಾಯಸ. ಅದಕ್ಕೆ ಎಥಿಲೀನ್ ಆಕ್ಸೈಡ್ ಅನಿಲವೇ ಗತಿ. ಇಷ್ಟೆಲ್ಲ ಖರ್ಚನ್ನು ಒಂದು ಮೆಶ್ ತಡೆದುಕೊಳ್ಳುತ್ತದೆ, ಯಾಕೆಂದರೆ ಅದರ ತೂಕ ಕೆಲವೇ ಗ್ರಾಂ, ಬೆಲೆ ಸಾವಿರಗಟ್ಟಲೆ. ಈ ಪ್ಲಾಸ್ಟಿಕ್ ಆಸ್ಪತ್ರೆಯಲ್ಲಿ ನೆಲೆಯೂರಿ, ತೋಟಕ್ಕೆ ಇನ್ನೂ ಬರದಿರಲು ಇದೇ ಕಾರಣ.

ಇನ್ನು ನಿಮ್ಮ ಸಿಪ್ಪೆ ಮತ್ತು ಚೊಗರು. ಬೇಸರ ಮಾಡಿಕೊಳ್ಳಬೇಡಿ, ಎರಡೂ ಒಳ್ಳೆ ಊಟವಲ್ಲ. ಚೊಗರಿನಲ್ಲಿರುವುದು ಟ್ಯಾನಿನ್. ಅದು ಪ್ರೋಟೀನನ್ನು ಹಿಡಿದು ಗಂಟು ಕಟ್ಟುತ್ತದೆ, ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ. ಅದು ಬಣ್ಣಕ್ಕೇ ಇರಲಿ. ಸಿಪ್ಪೆಯಲ್ಲಿ ಸಕ್ಕರೆ ಇದೆ, ಆದರೆ ನಾರಿನ ರೂಪದಲ್ಲಿ ಬೀಗ ಹಾಕಿಕೊಂಡಿದೆ. ಆಮ್ಲ, ಬಿಸಿ, ಕಿಣ್ವ ಹಾಕಿ ಬಿಡಿಸಬೇಕು. ಬಿಡಿಸುವಾಗ ಫರ್ಫ್ಯುರಾಲ್, ಅಸಿಟಿಕ್ ಆಮ್ಲ ಹುಟ್ಟಿ ಬ್ಯಾಕ್ಟೀರಿಯಾವನ್ನೇ ಕೊಲ್ಲಬಹುದು. ಬಂದ ಸಕ್ಕರೆಯಲ್ಲಿ ಒಂದು ದೊಡ್ಡ ಪಾಲು ಕ್ಸೈಲೋಸ್. ನಮ್ಮ ಹೆಸರುವಾಸಿ ಕ್ಯುಪ್ರಿಯಾವಿಡಸ್‌ನ ಮೂಲ ತಳಿಗೆ ಕ್ಸೈಲೋಸೂ ಬೇಡ, ಗ್ಲೂಕೋಸೂ ಬೇಡ. ಫ್ರಕ್ಟೋಸ್ ಕೊಟ್ಟರೆ ತಿನ್ನುತ್ತದೆ. ಬ್ರೆಜಿಲ್‌ನ ಕಬ್ಬಿನ ಗದ್ದೆಯ ಮಣ್ಣಿನಲ್ಲಿ ಸಿಕ್ಕ ಬರ್ಕ್‌ಹೋಲ್ಡೇರಿಯಾ ಸ್ಯಾಕರಿ ಎಂಬುದು ಕ್ಸೈಲೋಸ್ ತಿನ್ನುತ್ತದೆ. ಹಾಗಾಗಿ ದಾರಿ ಮುಚ್ಚಿಲ್ಲ. ಆದರೆ ಸಿಪ್ಪೆಯನ್ನು ತೋಟಕ್ಕೇ ಗೊಬ್ಬರ ಮಾಡುವುದರ ಮುಂದೆ ಈ ಲೆಕ್ಕ ಇವತ್ತಿಗೆ ಗಿಟ್ಟುವುದಿಲ್ಲ.

ಲೆಕ್ಕ ಅಂದೆ, ಸ್ವಲ್ಪ ಬಿಡಿಸಿ ನೋಡಿ. ಒಂದು ಕಿಲೋ ಪಿಎಚ್‌ಬಿಗೆ ಸುಮಾರು ಮೂರು ಕಿಲೋ ಸಕ್ಕರೆ ಬೇಕು. ಕಿಲೋಗೆ 40 ರೂಪಾಯಿ ಹಿಡಿದರೂ ಸಕ್ಕರೆಗೇ 120 ರೂಪಾಯಿ ಆಯಿತು. ಕರೆಂಟು, ಹಬೆ, ಗಾಳಿ ಊದುವ ಖರ್ಚು, ಬೇರ್ಪಡಿಸುವ ಖರ್ಚು ಇನ್ನೂ ಸೇರಿಲ್ಲ. ಪಾಲಿಥಿನ್ ಕಾಳು ಅಷ್ಟು ದುಡ್ಡಿಗೆ ಆರಾಮಾಗಿ ಸಿಗುತ್ತದೆ. ಅದಕ್ಕೇ ಎಲ್ಲರೂ ಅಗ್ಗದ ಊಟ ಹುಡುಕುವುದು: ಕಾಕಂಬಿ, ಕರಿದು ಉಳಿದ ಎಣ್ಣೆ, ಹಾಲಿನ ಕೈಗಾರಿಕೆಯ ಹುಳಿನೀರು. ಎಣ್ಣೆಯಲ್ಲಿ ಇಳುವರಿ ಸಕ್ಕರೆಗಿಂತ ಚೆನ್ನಾಗಿದೆ, ಒಂದು ಕಿಲೋಗೆ 600 ಗ್ರಾಂಗಿಂತ ಮೇಲೆ ಬರುತ್ತದೆ. ಬ್ರೆಜಿಲ್‌ನ ಸಕ್ಕರೆ ಕಾರ್ಖಾನೆಯೊಂದು ತನ್ನದೇ ಸಕ್ಕರೆ, ಕಬ್ಬಿನ ಸಿಪ್ಪೆ ಸುಟ್ಟ ಹಬೆ, ಮದ್ಯಸಾರದಿಂದ ಬಂದ ದ್ರಾವಕ ಬಳಸಿ ಪಿಎಚ್‌ಬಿ ಮಾಡಿ ತೋರಿಸಿತು. ನಮ್ಮ ಕಡೆ ಯಾರಾದರೂ ಇದನ್ನು ಮಾಡುವುದಾದರೆ ಅಡಿಕೆ ಮನೆಯ ಅಂಗಳದಲ್ಲಿ ಅಲ್ಲ, ಕಬ್ಬು ಅರೆಯುವ ಕಡೆ ಶುರುಮಾಡಬೇಕು.

ಖರ್ಚು ಇಳಿಸುವ ಇನ್ನೊಂದು ದಾರಿ ನನಗೆ ಬಹಳ ಇಷ್ಟ, ಯಾಕೆಂದರೆ ಅದು ನಮ್ಮ ಅಪ್ಪೆಮಿಡಿ ಜಾಡಿಯ ಬುದ್ಧಿಯೇ. ಉಪ್ಪು ಬೇಕಾದಷ್ಟಿದ್ದರೆ ಕೆಟ್ಟ ಜೀವಿ ಬೆಳೆಯುವುದಿಲ್ಲ. ಚೀನಾದ ಟ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಗುವೊ-ಚಿಯಾಂಗ್ ಚೆನ್ ತಂಡ ಹ್ಯಾಲೊಮೊನಾಸ್ ಎಂಬ ಉಪ್ಪುಪ್ರಿಯ ಬ್ಯಾಕ್ಟೀರಿಯಾವನ್ನು ಹೀಗೇ ಬೆಳೆಸುತ್ತದೆ. ತೊಟ್ಟಿಯನ್ನು ಹಬೆಯಲ್ಲಿ ಶುದ್ಧ ಮಾಡುವ ಗೋಜೇ ಇಲ್ಲ. ಹ್ಯಾಲೊಫೆರಾಕ್ಸ್ ಎಂಬ ಇನ್ನೊಂದು ಸೂಕ್ಷ್ಮಜೀವಿಯನ್ನು ಸಿಹಿನೀರಿಗೆ ಹಾಕಿದರೆ ಸಾಕು, ಮೈ ಉಬ್ಬಿ ತಾನೇ ಒಡೆದು ಕಾಳು ಬಿಟ್ಟುಕೊಡುತ್ತದೆ. ಆದರೆ ಉಪ್ಪಿಗೆ ತೊಟ್ಟಿಯ ಉಕ್ಕು ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಉಳಿಯುವ ಉಪ್ಪುನೀರನ್ನು ಎಲ್ಲಿ ಬಿಡುವುದು? ಸಮುದ್ರದ ದಂಡೆಯಲ್ಲಿ ಅದಕ್ಕೊಂದು ದಾರಿ ಇದ್ದೀತು. ತುಂಗೆಗೆ ಬಿಡಲು ನಾನಂತೂ ಒಪ್ಪುವುದಿಲ್ಲ.

ಈಗ ಕೊಟ್ಟೆ. ಬರೀ ಪಿಎಚ್‌ಬಿ ಹಾಳೆಯನ್ನು ಮರ ಹತ್ತಿದ ಕೊನೆಗಾರ ಕೊನೆಯ ಸುತ್ತ ಒಟ್ಟುಮಾಡಿ ಬಿಗಿಯುವಾಗಲೇ ಅದು ಸೀಳುತ್ತದೆ. ಪಿಎಚ್‌ಬಿಎಚ್ ಹಾಳೆಯಾದರೆ ಕಟ್ಟಬಹುದು. ಇದನ್ನು ತಿನ್ನುವ ಸೂಕ್ಷ್ಮಜೀವಿಗಳು ಜಾಸ್ತಿ ಇರುವುದು ಮಣ್ಣಿನಲ್ಲಿ. ಮರದ ಮೇಲೆ ನೇತಾಡುವಾಗ ಕರಗುವುದು ನಿಧಾನ. ಇದು ನಿಮಗೆ ಅನುಕೂಲವೇ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಸೂಕ್ಷ್ಮಜೀವಿಗಳನ್ನು ಸ್ವಲ್ಪ ದೂರ ಇಡುತ್ತದೆ. ಆದರೆ ದ್ರಾವಣದಲ್ಲಿ ಸುಣ್ಣ ಜಾಸ್ತಿಯಾದರೆ ಆ ಕ್ಷಾರವೇ ಪಾಲಿಯೆಸ್ಟರ್‌ನ ಮೇಲ್ಮೈಯನ್ನು ಕೊರೆಯುತ್ತದೆ. ಹಾಳೆ ತೆಳ್ಳಗಿದ್ದರೆ ಆಗಸ್ಟ್‌ನಲ್ಲೇ ತೂತು ಬಿದ್ದು, ಕೊಳೆರೋಗ ಒಳಗೆ ಹೋದ ಮೇಲೆ ಆ ಕೊಟ್ಟೆ ಇದ್ದೂ ಇಲ್ಲದ ಹಾಗೆ. ದಪ್ಪ ಮಾಡಿದರೆ ಬೆಲೆ ಏರುತ್ತದೆ. ಹಿಂದಿನವರು ಅಡಿಕೆ ಮರದ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಕೊಟ್ಟೆ ಮಾಡುತ್ತಿದ್ದರು. ಆಳು ಸಿಗುವ ಕಡೆ ನಾನು ಈಗಲೂ ಅದಕ್ಕೇ ಮತ ಹಾಕುತ್ತೇನೆ.

ತೋಟಕ್ಕೆ ಈ ಪ್ಲಾಸ್ಟಿಕ್ ಮೊದಲು ಬರಬೇಕಾದ ಜಾಗ ಕೊಟ್ಟೆಯಲ್ಲ, ಕಾಳುಮೆಣಸಿನ ಸಸಿ ಬೆಳೆಸುವ ತೊಟ್ಟೆ (ಚೀಲ) ಅಂತ ನನ್ನ ಅಭಿಪ್ರಾಯ. ಬೇಸಿಗೆ ಹೊತ್ತಿಗೆ ತೊಟ್ಟೆಗೆ ಹಾಕಿದ ಕುಡಿ ಜೂನ್‌ನಲ್ಲಿ ನೆಲಕ್ಕೆ ಹೋಗುತ್ತದೆ. ಮೂರು ನಾಲ್ಕು ತಿಂಗಳು ತಡೆದರೆ ಸಾಕು. ತೊಟ್ಟೆ ಸಮೇತ ನೆಟ್ಟರೆ ಉಳಿದದ್ದನ್ನು ಒದ್ದೆ ಮಣ್ಣು ನೋಡಿಕೊಳ್ಳುತ್ತದೆ. ಅಡಿಕೆ ಸಸಿಗೆ ಇದು ಆಗುವುದಿಲ್ಲ, ಅದು ತೊಟ್ಟೆಯಲ್ಲಿ ವರ್ಷ, ಒಂದೂವರೆ ವರ್ಷ ಕೂರುತ್ತದೆ.

ಕೊನೆಗೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಬಯೋ’ ಅಂತ ಹಸಿರು ಎಲೆ ಮುದ್ರಿಸಿದ ಕವರನ್ನು ಯಾರಾದರೂ ಜಾಸ್ತಿ ಬೆಲೆಗೆ ಮಾರಲು ಬಂದರೆ ಒಂದು ಚೂರು ಕತ್ತರಿಸಿಕೊಳ್ಳಿ. ಸೋಪಿನ ನೀರಿನಲ್ಲಿ ಚೆನ್ನಾಗಿ ಉಜ್ಜಿ, ಗುಳ್ಳೆ ಉಳಿಯದ ಹಾಗೆ ಲೋಟದ ನೀರಿನಲ್ಲಿ ಮುಳುಗಿಸಿ ಕೈ ಬಿಡಿ. ಪಿಎಚ್‌ಬಿಯ ಸಾಂದ್ರತೆ 1.25, ಮುಳುಗಿಯೇ ಇರುತ್ತದೆ. ಪಾಲಿಥಿನ್ ನೀರಿಗಿಂತ ಹಗುರ. ತಳದಲ್ಲಿ ಕೂತರೆ ಅದು ಪಿಎಚ್‌ಎ ಅಂತಲೇ ಹೇಳಲಾಗದು, ಬೇರೆ ಪ್ಲಾಸ್ಟಿಕ್‌ಗಳೂ ಮುಳುಗುತ್ತವೆ, ಸುಣ್ಣದ ಪುಡಿ ಬೆರೆಸಿದ್ದೂ ಮುಳುಗಬಹುದು. ಆಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇದೆಯಾ ಅಂತ ಕೇಳಿ. ಮೇಲೆ ತೇಲಿ ಬಂತೋ, ಕೇಳುವುದೇ ಬೇಡ, ಆ ಕವರನ್ನು ಅವರಿಗೇ ವಾಪಸ್ ಕೊಡಿ.